ನರ್ಸರಿ ಯಾರ ಹೆಸರು

ಬಸ್ಸಿನಿಂದ ಇಳಿದವಳೇ ನಾನು ಕೇಳಿದ್ದು, ನರ್ಸರಿ ಎಲ್ಲಿದೆ ಎಂದು. ಕೈಯಲ್ಲಿ ಟ್ರಂಕು, ಬಗಲಲ್ಲಿ ಬಣ್ಣದ ಚಾರ್ಟುಗಳ ಸುರುಳಿ. ಟ್ರೈನಿಂಗ್ ಮುಗಿದ ವರ್ಷವೇ ಕೆಲಸ ಸಿಕ್ಕಿತ್ತು. ನರ್ಸರಿ ಶಿಕ್ಷಕಿ ಎಂದು ನೇಮಿಸಿದ್ದರು, ಚಿಕ್ಕ ಮಕ್ಕಳಿಗೆ ಹಾಡು ಆಟ ಕಲಿಸುವ ಕೆಲಸ. ಅರಳಿಕಟ್ಟೆಯ ಮೇಲೆ ಕೂತು ಹೂ ಕಟ್ಟುತ್ತಿದ್ದ ಹೆಂಗಸೊಬ್ಬಳು ಕೆರೆಯ ದಿಕ್ಕಿಗೆ ಕೈ ತೋರಿಸಿ, "ಏರಿ ಕೆಳಗೈತೆ, ಹೋಗವ್ವ. ಆದ್ರೆ ಬದನೆ ಸಸಿ ಮುಗ್ದೋಯ್ತಂತೆ" ಎಂದಳು. ಬದನೆ ಸಸಿಗೂ ನನಗೂ ಏನು ಸಂಬಂಧ ಎಂದು ತಿಳಿಯದೆ, ಟ್ರಂಕು ಹೊತ್ತುಕೊಂಡೇ ಏರಿ ಇಳಿದೆ.

ಕೆಳಗೆ ಶಾಲೆ ಇರಲಿಲ್ಲ. ಉದ್ದುದ್ದ ಸಸಿಮಡಿಗಳು ಇದ್ದವು. ಕೆಲವಕ್ಕೆ ಹುಲ್ಲು ಹೊದಿಸಿತ್ತು, ಕೆಲವು ಹಸಿರಾಗಿ ಮೇಲೆದ್ದಿದ್ದವು. ಮಡಿಗಳ ನಡುವೆ ಒಬ್ಬ ಹೆಂಗಸು ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುತ್ತಿದ್ದರು. ಒಂದು ಕಾಲಕ್ಕೆ ಬಿಳಿಯದಾಗಿದ್ದ ಸೀರೆ ಕೆರೆಮಣ್ಣಿನ ಬಣ್ಣಕ್ಕೆ ತಿರುಗಿತ್ತು. "ಮಕ್ಕಳೆಲ್ಲಿ?" ಎಂದು ಕೇಳಿದೆ. ಅವರು ತಲೆ ಎತ್ತದೆ ಟೊಮೇಟೊ ಮಡಿಯ ಕಡೆ ಕೈ ಮಾಡಿ, "ಇಲ್ಲೇ ಇದ್ದಾವಲ್ಲ" ಎಂದರು. ನಾನು ವಿಷಯ ಹೇಳಿದ ಮೇಲೆ ಎದ್ದು ನಿಂತು, ಸೊಂಟದ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನಕ್ಕರು. "ಇದು ನರ್ಸರಿನೇ. ನೀನು ಬಂದಿರೋದೂ ನರ್ಸರಿಗೇ. ಯಾರದು ತಪ್ಪು ಅನ್ನೋದು? ಟ್ರಂಕು ನೆರಳಿಗಿಡು. ಮಕ್ಕಳನ್ನ ನಾಳೆಯಿಂದ ಇಲ್ಲೇ ಕರ್ಕೊಂಡು ಬಾ."

ಅವರು ಎಸ್ತರಮ್ಮ. ಊರಿನವರೆಲ್ಲ ನರ್ಸಮ್ಮ ಎನ್ನುತ್ತಿದ್ದರು. ದೂರದ ಮಿಷನ್ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು, ಗಂಡ ತೀರಿಕೊಂಡ ಮೇಲೆ ಕೆಲಸ ಬಿಟ್ಟು, ಯಾವುದೋ ಬಸ್ಸು ಹತ್ತಿ ಆ ಊರಿಗೆ ಬಂದು ಇಳಿದಿದ್ದರು. ಹೆರಿಗೆ ಮಾಡಿಸಿದರು, ಗಾಯ ತೊಳೆದರು. ಕೆರೆಯ ಕೆಳಗೆ ಯಾರೂ ಉಳದ ತುಂಡುಭೂಮಿಯೊಂದರಲ್ಲಿ ಮಡಿ ಮಾಡಿ ಸಸಿ ಎಬ್ಬಿಸಲು ಶುರುಮಾಡಿದರು. ಆಮೇಲೆ ಊರಿನಲ್ಲಿ ಯಾರ ಹಿತ್ತಲಲ್ಲಿ ಮೆಣಸಿನಗಿಡ ನಿಂತರೂ ಅದು ನರ್ಸಮ್ಮನ ಕೈ ದಾಟಿ ಬಂದದ್ದೇ ಆಗಿರುತ್ತಿತ್ತು.

ಆ ಊರಿನ ಜಮೀನಿನ ವಿಚಾರ ಹೇಳದೆ ಮುಂದೆ ಹೋಗುವಂತಿಲ್ಲ. ಅಲ್ಲಿ ಪತ್ರ, ಪಹಣಿ, ನಕ್ಷೆ ಯಾವುದೂ ಇರಲಿಲ್ಲ. ಜಾಗದ ಹೆಸರು ಯಾರಿಂದ ಬಂದಿದೆಯೋ ಜಾಗ ಅವರದು. ಕಮಲ ಎಂಬಾಕೆ ಚಿಕ್ಕಂದಿನಲ್ಲಿ ಸೈಕಲ್ಲಿನಿಂದ ಬಿದ್ದ ತಿರುವನ್ನು ಜನ ಕಮಲನ ಮೂಲೆ ಎಂದು ಕರೆಯತೊಡಗಿದರು. ಮುಂದೆ ಆಕೆ ಅಲ್ಲೇ ಇಡ್ಲಿ ಅಂಗಡಿ ಹಾಕಿದಾಗ ಯಾರೂ ತಕರಾರು ತೆಗೆಯಲಿಲ್ಲ. ಹೆಸರು ಬೇಕೆಂದು ಹಟ ಹಿಡಿದರೆ ಸಿಗುತ್ತಿರಲಿಲ್ಲ. ಬೇಕಂತಲೇ ಹೋಗಿ ಬಿದ್ದವರಿದ್ದರು, ಜನ ಅವರನ್ನು ಎತ್ತಿ ಕೂರಿಸಿ ಬೇರೆ ಮಾತಾಡುತ್ತಿದ್ದರು. ಒಬ್ಬಾತ ದೊಡ್ಡ ಬಂಡೆಯ ಮೇಲೆ ತನ್ನ ಹೆಸರನ್ನು ಬಣ್ಣದಲ್ಲಿ ಬರೆಸಿದನಂತೆ. ಊರು ಅದನ್ನು ಬಣ್ಣದ ಬಂಡೆ ಎಂದಿತು, ಬಂಡೆ ಬಣ್ಣ ಮಾರಿದವನ ಪಾಲಾಯಿತು. ಹೊಸ ಸೊಸೆಯರಿಗೆ ಅತ್ತೆಯರು ಮೊದಲು ಹೇಳಿಕೊಡುತ್ತಿದ್ದುದೇ ಇದು: ದಾರಿಯಲ್ಲಿ ಯಾವುದಕ್ಕೂ ಯಾರ ಹೆಸರನ್ನೂ ಸೇರಿಸಬೇಡ, ಆ ಕಡೆ ಈ ಕಡೆ ಅನ್ನು ಸಾಕು. ನಾನೂ ಬೇಗ ಕಲಿತೆ. ಈಗಲೂ ಆಟೋದವರಿಗೆ ಬೀದಿಯ ಹೆಸರು ಹೇಳಲು ನಾಲಿಗೆ ತಡೆಯುತ್ತದೆ.

ಮಕ್ಕಳು ಬಂದರು. ಹೊಂಗೆಮರದ ಕೆಳಗೆ ಚಾಪೆ ಹಾಕಿ ನಾನು ಹಾಡು ಹೇಳಿಸುತ್ತಿದ್ದೆ. ಎಸ್ತರಮ್ಮ ಬಿತ್ತನೆ ಮಾಡುವಾಗ ಬೀಜಕ್ಕೆ ಬೂದಿ ಬೆರೆಸುವ ಕೆಲಸ ಮಕ್ಕಳದು. ಜಾಲರಿ ಮೂತಿಯ ಕ್ಯಾನಿನಿಂದ ನೀರು ಹಾಕಲು ಸರದಿಗೆ ಜಗಳವಾಡುತ್ತಿದ್ದರು. ಎಸ್ತರಮ್ಮ ಮಡಿಯ ಮೇಲಿನ ಹುಲ್ಲನ್ನು ಒಂದು ಬದಿಯಿಂದ ಮೆಲ್ಲಗೆ ಎತ್ತಿ ಇಣುಕುತ್ತಿದ್ದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ, ನಿದ್ದೆ ಮಾಡುತ್ತಿರುವವರ ಹೊದಿಕೆ ಸರಿಸುವವರ ಹಾಗೆ. ಮೊಳಕೆ ಕಂಡರೆ ಮಕ್ಕಳಿಗೆ ಬಾಯಿ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಮಧ್ಯಾಹ್ನ ನಾವಿಬ್ಬರೂ ಡಬ್ಬಿ ಬಿಚ್ಚಿ ಕೂತಾಗ ಮಕ್ಕಳು ಚಾಪೆಯ ಮೇಲೆ ಅಡ್ಡಾದಿಡ್ಡಿ ಮಲಗಿರುತ್ತಿದ್ದರು, ಆಚೆ ಸಸಿಗಳು, ಮೇಲೆ ಹೊಂಗೆಯ ನೆರಳು. ನಾನು ಇಷ್ಟು ಮನೆಗಳಲ್ಲಿ ಬಾಳಿದ್ದೇನೆ, ಅಷ್ಟು ನಿರಾಳವಾಗಿ ಮತ್ತೆಲ್ಲೂ ಉಂಡಿಲ್ಲ.

ಸಸಿ ಕೊಳ್ಳಲು ಬಂದವರು ಆಗಾಗ ಹೇಳುತ್ತಿದ್ದರು, "ನರ್ಸಮ್ಮ ಇರೋ ಜಾಗ, ಅದ್ಕೇ ನರ್ಸರಿ." ಎಸ್ತರಮ್ಮ ಹೌದೆಂದೂ ಅನ್ನುತ್ತಿರಲಿಲ್ಲ, ಅಲ್ಲವೆಂದೂ ಅನ್ನುತ್ತಿರಲಿಲ್ಲ. ಸಸಿಗಳ ಬೇರಿಗೆ ಮಣ್ಣು ಒತ್ತಿ ಬಾಳೆನಾರಿನಿಂದ ಕಟ್ಟಿ ಕೈಗೆ ಕೊಡುತ್ತಿದ್ದರು. ಆ ಊರಿನಲ್ಲಿ ಯಾವ ನಂಟರೂ ಇಲ್ಲದ, ಹೊರಗಿನಿಂದ ಬಂದ ಒಂಟಿ ಹೆಂಗಸಿನ ಹೆಸರಿನಲ್ಲಿ ಒಂದು ಜಾಗ ಇದೆ ಎಂದರೆ ಅದು ಸಣ್ಣ ವಿಷಯವಲ್ಲ. ಅವರಿಗೆ ಅದರಲ್ಲಿ ಒಳಗೊಳಗೇ ಹೆಮ್ಮೆ ಇದೆ ಎಂದು ನಾನು ಅಂದುಕೊಂಡಿದ್ದೆ.

ಮಕ್ಕಳು ಬರತೊಡಗಿದ ಮಾರನೆಯ ವರ್ಷವಿರಬೇಕು, ದ್ಯಾವಣ್ಣ ತಕರಾರು ತೆಗೆದ. ಆತ ಕೆಟ್ಟವನಲ್ಲ. ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಆತನ ಮೂರೂ ಗಂಡುಮಕ್ಕಳನ್ನು ಈ ಲೋಕಕ್ಕೆ ಎತ್ತಿಕೊಂಡದ್ದು ಎಸ್ತರಮ್ಮನ ಕೈಯೇ. ಆ ಹುಡುಗರು ಈಗ ಬೆಳೆದು ನಿಂತಿದ್ದರು, ಅವರಿಗೆ ಕೆಲಸವಿರಲಿಲ್ಲ. ಕೆರೆಯ ಕೆಳಗಿನ ಜೇಡಿಮಣ್ಣು ಇಟ್ಟಿಗೆಗೆ ಹೇಳಿ ಮಾಡಿಸಿದ ಹಾಗಿತ್ತು. ಅಲ್ಲೊಂದು ಇಟ್ಟಿಗೆ ಗೂಡು ಹಾಕಿಕೊಟ್ಟರೆ ಮೂವರೂ ಊರಲ್ಲೇ ನಿಲ್ಲುತ್ತಾರೆ ಎಂಬುದು ಆತನ ಲೆಕ್ಕ. ಆತನ ತಾತನ ಹೆಸರು ನರಸಪ್ಪ. ಕೆರೆಯ ಏರಿ ಒಡೆದ ವರ್ಷ ಮುಂದೆ ನಿಂತು ಕಟ್ಟಿಸಿದವನು ಅವನೇ ಎಂದು ಊರಿನವರೂ ಒಪ್ಪುತ್ತಿದ್ದರು. ದ್ಯಾವಣ್ಣ ಒಂದು ಬೆಳಿಗ್ಗೆ ಬೇಲಿಯ ಹತ್ತಿರ ಬಂದು, ಚಪ್ಪಲಿ ಬಿಟ್ಟು ನಿಂತು ಹೇಳಿದ, "ತಪ್ಪು ತಿಳೀಬೇಡಿ ನರ್ಸಮ್ಮ. ನಮ್ಮ ತಾತನ ಏರಿ ಇದು. ನರಸನೇರಿ ಅಂತಿದ್ರಂತೆ. ನರಸನೇರಿ ಹೋಗಿ ನರಸೇರಿ ಆಯ್ತು, ನರಸೇರಿ ಹೋಗಿ ನರ್ಸರಿ ಆಯ್ತು. ನಾನು ಕಟ್ಟೆ ಮೇಲೆ ನ್ಯಾಯ ಕೇಳ್ಬೇಕು ಅಂತಿದೀನಿ."

ಎಸ್ತರಮ್ಮ ಕೈಯ ಮಣ್ಣು ಒರೆಸಿಕೊಂಡರು. "ಕೇಳಪ್ಪ. ಕೇಳೋದ್ರಲ್ಲಿ ತಪ್ಪೇನಿದೆ" ಎಂದರು. ಆತ ಹೋದ ಮೇಲೆ ಮತ್ತೆ ಕೂತು ಕಳೆ ಕೀಳತೊಡಗಿದರು. ಆದರೆ ಕಳೆಯ ಜೊತೆ ಸಸಿಯನ್ನೂ ಕಿತ್ತು ಪಕ್ಕಕ್ಕಿಡುತ್ತಿದ್ದುದನ್ನು ನಾನು ನೋಡಿದೆ. ಆ ಕೈ ಹಾಗೆ ತಪ್ಪುವುದನ್ನು ಅದುವರೆಗೆ ಕಂಡಿರಲಿಲ್ಲ.

ಊರು ಎರಡು ಭಾಗವಾಯಿತು. ನರಸನೇರಿ ಎನ್ನುವವರಿಗೂ ನರ್ಸಮ್ಮನ ನರ್ಸರಿ ಎನ್ನುವವರಿಗೂ ಕ್ಷೌರದಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ವಾದ ನಡೆಯಿತು. ಇಂಗ್ಲಿಷು ಬಲ್ಲವಳೆಂದು ಕಟ್ಟೆಯವರು ನನಗೆ ಹೇಳಿಕಳಿಸಿದರು: ಆ ಮಾತಿನ ಹುಟ್ಟು ಏನೆಂದು ಮೇಷ್ಟ್ರಮ್ಮ ಬಂದು ತಿಳಿಸಬೇಕು. ನನಗೆ ಅದು ಗೊತ್ತಿತ್ತು. ಟ್ರೈನಿಂಗ್‌ನಲ್ಲಿ ನಮಗೆ ಪಾಠ ಹೇಳಿದ ಮೇಡಂ ಒಬ್ಬರು ಮೊದಲ ತರಗತಿಯಲ್ಲೇ ಬೋರ್ಡಿನ ಮೇಲೆ ನರ್ಸರಿ ಎಂದು ಬರೆದು ಅದರ ಬೇರಿನವರೆಗೂ ಕರೆದುಕೊಂಡು ಹೋಗಿದ್ದರು. ಗೊತ್ತಿದ್ದುದೇ ತೊಂದರೆಯಾಯಿತು. ನಿಜ ಹೇಳಿದರೆ ಆ ಹೆಸರು ನರಸಪ್ಪನದೂ ಅಲ್ಲ, ಎಸ್ತರಮ್ಮನದೂ ಅಲ್ಲ. ದ್ಯಾವಣ್ಣನ ಮಾತು ಬಿದ್ದುಹೋಗುತ್ತದೆ ನಿಜ. ಅದರ ಜೊತೆಗೆ ಎಸ್ತರಮ್ಮನಿಗೆ ಆ ಊರಿನಲ್ಲಿದ್ದ ಒಂದೇ ಒಂದು ಆಧಾರವೂ ಬೀಳುತ್ತದೆ.

ಡಬ್ಬಿ ಬಿಚ್ಚಿದ ಹೊತ್ತಿನಲ್ಲಿ ಮೆಲ್ಲಗೆ ಕೇಳಿದೆ, "ನರ್ಸ್ ಅನ್ನೋದರಿಂದ ಬಂತು ಅಂದುಬಿಡಲಾ? ಪೂರ್ತಿ ಸುಳ್ಳೇನೂ ಅಲ್ಲ." ಅವರು ಉಪ್ಪಿನಕಾಯಿಯ ಹೋಳನ್ನು ನನ್ನ ಅನ್ನದ ಮೇಲಿಟ್ಟರು. "ಈ ಊರಲ್ಲಿ ಜನ ಮನೆ ಕಟ್ಕೊಂಡಿರೋದು ಮಾತಿನ ಮೇಲೆ. ನೀನು ಒಂದು ಮಾತು ಸಡಿಲ ಮಾಡಿದ್ರೆ ನಾಳೆ ಯಾರ ಮನೆ ಅಲ್ಲಾಡುತ್ತೋ. ಗೊತ್ತಿರೋದು ಹೇಳು" ಎಂದರು. ಆಮೇಲೆ, "ಊಟ ಮಾಡು" ಎಂದರು.

ಕಟ್ಟೆ ಕೂಡಿದ್ದು ಸಂತೆಯಿಲ್ಲದ ಒಂದು ಮುಂಜಾನೆ. ಊರಿನಲ್ಲಿ ಎಲ್ಲರಿಗಿಂತ ಹಿರಿಯರಾದವರು ತೀರ್ಪು ಹೇಳುವುದು ಪದ್ಧತಿ. ಆಗ ಹಾಗಿದ್ದವರು ಮಲ್ಲಾಜಮ್ಮ. ಬುದ್ಧಿ ಚುರುಕು, ಕಿವಿ ಮಾತ್ರ ಮಂದ. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯ ಹತ್ತಿರ ಬಾಯಿಟ್ಟು ಹೇಳಿದರೆ ಕೇಳುತ್ತಿತ್ತು. ತಕರಾರು ತಂದವರು ಆಕೆಯ ಬಲಕ್ಕೆ ಕೂತು, ಎದುರಿನವರ ಮಾತನ್ನು ಚಾಚೂ ತಪ್ಪದೆ ಆಕೆಯ ಕಿವಿಗೆ ದಾಟಿಸಬೇಕು. ಒಂದಕ್ಷರ ಬದಲಿಸಿದರೂ ಸುತ್ತ ಕೂತ ಊರಿಗೆ ಗೊತ್ತಾಗುತ್ತದೆ. ಹಾಗಾಗಿ ದ್ಯಾವಣ್ಣ ಅಲ್ಲಿ ಕೂತಿದ್ದ. ಮಲ್ಲಾಜಮ್ಮ ವರಸೆಯಲ್ಲಿ ಅವನಿಗೆ ಸೋದರತ್ತೆಯಾಗಬೇಕು. ಅದರಿಂದ ತನಗೆ ಅನುಕೂಲವಾಗುತ್ತದೆಂದು ಅವನೂ ಎಣಿಸಿರಲಿಲ್ಲ, ಬೇರೆಯವರೂ ಹೆದರಿರಲಿಲ್ಲ.

ಅವನು ತನ್ನ ಮಾತು ಹೇಳಿಕೊಂಡ ಮೇಲೆ ನನ್ನನ್ನು ಕರೆದರು. ನಾನು ಎದ್ದು ನಿಂತು ನನಗೆ ತಿಳಿದದ್ದನ್ನು ಹೇಳಿದೆ. ಇದು ಇಂಗ್ಲಿಷಿನ ಮಾತು. ಇಂಗ್ಲಿಷಿನವರಿಗೆ ಇದು ಇನ್ನೂ ಹಳೆಯ ಲ್ಯಾಟಿನ್ ಎಂಬ ಭಾಷೆಯಿಂದ, ಬಾಯಿಂದ ಬಾಯಿಗೆ ಬದಲಾಗುತ್ತ ಬಂದದ್ದು. ಅಲ್ಲಿ ಅದರ ಬೇರಿಗೆ ಉಣಿಸುವುದು, ಹಾಲೂಡಿಸುವುದು ಎಂದು ಅರ್ಥ. ಹೆತ್ತವಳ ಬದಲು ಕೂಸಿಗೆ ಹಾಲು ಕೊಡುವ ಹೆಂಗಸನ್ನು ನರ್ಸ್ ಎಂದರು. ಅವಳು ಕೂಸನ್ನು ಇಟ್ಟುಕೊಂಡಿರುವ ಕೋಣೆ ನರ್ಸರಿ ಆಯಿತು. ತೋಟದವರು ನೋಡಿದರು, ಎಳೆಯ ಸಸಿಗೂ ಅದೇ ಆರೈಕೆ ಬೇಕು. ಅವರು ಆ ಮಾತನ್ನು ಎರವಲು ತಂದು ಸಸಿಮಡಿಯ ಜಾಗಕ್ಕೆ ಇಟ್ಟರು. ರೋಗಿಗಳನ್ನು ನೋಡಿಕೊಳ್ಳುವವರಿಗೆ ನರ್ಸ್ ಎಂಬ ಹೆಸರು ಬಂದದ್ದೂ ಆ ಹಾಲೂಡಿಸುವವಳಿಂದಲೇ, ಆಮೇಲೆ. ಎಳೆ ಮಕ್ಕಳ ಶಾಲೆಗೂ ಅದೇ ಹೆಸರು ಬಂತು, ಅದರಿಂದಲೇ ನಾನು ಇಲ್ಲಿಗೆ ಬಂದೆ.

ದ್ಯಾವಣ್ಣ ಎಲ್ಲವನ್ನೂ ಕಿವಿಗೆ ದಾಟಿಸಿದ. ತನ್ನ ವಾದ ಕುಸಿಯುತ್ತಿದ್ದುದು ಅವನಿಗೆ ತಿಳಿಯುತ್ತಿತ್ತು, ಆದರೂ ಮಾತು ನುಂಗಲಿಲ್ಲ. ಮಲ್ಲಾಜಮ್ಮ ಕೇಳಿದರು, "ಹಂಗಾದ್ರೆ ನರಸಪ್ಪಂದಲ್ಲ?" ಅಲ್ಲ ಎಂದೆ. "ನಮ್ಮ ನರ್ಸಮ್ಮಂದೂ ಅಲ್ಲ?" ನಾನು ಎಸ್ತರಮ್ಮನ ಕಡೆ ನೋಡಲಿಲ್ಲ. ಅಲ್ಲ ಎಂದೆ. ಕಟ್ಟೆಯ ಸುತ್ತ ಗುಸುಗುಸು ಎದ್ದಿತು. ಯಾರ ಹೆಸರೂ ಇಲ್ಲದ ಜಾಗ ಎಂದರೆ ಹಾಕಿದ ಬೇಲಿಯೂ ನಿಲ್ಲದ ಜಾಗ.

ಮಲ್ಲಾಜಮ್ಮ ಕೋಲನ್ನು ನೆಲಕ್ಕೆ ತಟ್ಟಿದರು. "ಹೊರಗಿನ ಮಾತು ತಾನಾಗೇ ನಡ್ಕೊಂಡು ಬರಾಕಿಲ್ಲ. ಯಾರೋ ತರ್ತಾರೆ. ರಂಗೂನು ಮರದ ವಿಚಾರ ಮರ್ತಿರಾ? ರಂಗೂನಿಗೆ ಹೋದ ತಮ್ಮನ್ನ ನೆನೆಸ್ಕೊಂಡು ಅವರಕ್ಕ ಆ ಮರಾನ ಹಂಗಂದ್ಲು. ಮರ ಆ ತಮ್ಮಂದು ಅಂತ ನಮ್ಮಪ್ಪನ ಕಾಲದಲ್ಲಿ ತೀರ್ಮಾನ ಆಗೈತೆ. ಈ ನರ್ಸರಿ ಅನ್ನೋ ಮಾತು ಮೊದಲು ಅಂದ ಬಾಯಿ ಯಾವುದು? ಯಾರನ್ನ ನೆನೆಸ್ಕೊಂಡು ಅಂತು? ಅದನ್ನ ಕೇಳಿ."

ಎಸ್ತರಮ್ಮ ಎದ್ದು ನಿಂತರು. ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ನಾನೇ ಅಂದದ್ದು" ಎಂದರು. ದ್ಯಾವಣ್ಣ ಕಿವಿಯ ಹತ್ತಿರ ಬಗ್ಗಿ, "ಅವರೇ ಅಂದದ್ದಂತೆ ಅತ್ತೆ" ಎಂದ.

"ನಾನು ಕೆಲಸಕ್ಕಿದ್ದ ಆಸ್ಪತ್ರೇಲಿ ಒಂದು ಕೋಣೆ ಇತ್ತು. ಹುಟ್ಟಿದ ಮಕ್ಕಳನ್ನ ಬೆಚ್ಚಗೆ ಮಲಗಿಸೋ ಕೋಣೆ. ಬಾಗಿಲ ಮೇಲೆ ನರ್ಸರಿ ಅಂತ ಬರೆದಿತ್ತು." ದ್ಯಾವಣ್ಣ ದಾಟಿಸಿದ.

"ನನಗೂ ಒಂದು ಮಗು ಆಗಿತ್ತು. ಹೆಣ್ಣು. ದಿನ ತುಂಬೋಕೆ ಮುಂಚೆ ಬಂದುಬಿಟ್ಟಳು. ಅವಳನ್ನ ಆ ಕೋಣೇಲಿ ಇಟ್ಟಿದ್ರು." ದ್ಯಾವಣ್ಣ ಬಾಯಿ ತೆರೆದವನು ತಿರುಗಿ ಅವರ ಮುಖ ನೋಡಿದ. ಆ ಊರಿನಲ್ಲಿ ಈ ಮಾತು ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. "ಒಂದು ಹೆಣ್ಣುಮಗು ಇತ್ತಂತೆ ಅತ್ತೆ. ಆ ಕೋಣೇಲಿ ಮಲಗಿಸಿದ್ರಂತೆ."

"ಬೇರೆಯವರ ಮಕ್ಕಳನ್ನ ನಾನು ದಿನಾ ಆ ಬಾಗಿಲಿಂದ ಎತ್ಕೊಂಡು ಹೊರಗೆ ಬರ್ತಿದ್ದೆ. ನನ್ನ ಮಗಳನ್ನ ಹೊರಗೆ ಕರ್ಕೊಂಡು ಬರೋಕೆ ಆಗ್ಲಿಲ್ಲ."

ದ್ಯಾವಣ್ಣ ಏನೋ ಗೊಣಗಿದ. "ಜೋರಾಗಿ ಹೇಳಪ್ಪ, ಕೇಳಿಸ್ತಿಲ್ಲ" ಎಂದರು ಮಲ್ಲಾಜಮ್ಮ. ಅವನು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, ಕಟ್ಟೆಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದ, "ಮಗು ಹೊರಗೆ ಬರಲಿಲ್ಲವಂತೆ ಅತ್ತೆ. ಅಲ್ಲೇ ಹೋಯ್ತಂತೆ."

ಎಸ್ತರಮ್ಮ ಮುಂದುವರಿಸಿದರು. "ಇಲ್ಲಿಗೆ ಬಂದು ಮೊದಲನೇ ಸಲ ಬೀಜ ಹಾಕಿ ಹುಲ್ಲು ಹೊದಿಸಿದೆ. ಮೊಳಕೆ ಬಂತು. ಯಾರೋ ಬಂದು, ಏನಮ್ಮ ಇದು ಅಂತ ಕೇಳಿದ್ರು. ನರ್ಸರಿ ಅಂದೆ. ಬಾಯಿಗೆ ಅದೇ ಬಂತು. ಆಮೇಲೆ ಜನ ನನ್ನಿಂದ ಬಂತು ಅಂದ್ಕೊಂಡ್ರು. ನಾನು ಬೇಡ ಅನ್ನಲಿಲ್ಲ. ಹೇಳಿದ್ರೆ ಎಲ್ಲಾನೂ ಹೇಳಬೇಕಾಗಿತ್ತು."

ಇದನ್ನೂ ದ್ಯಾವಣ್ಣ ಒಂದಕ್ಷರ ಬಿಡದೆ ದಾಟಿಸಿದ. ಮಲ್ಲಾಜಮ್ಮ ಕೇಳಿದರು, "ಮಗೀಗೆ ಹೆಸರೇನಿಟ್ಟಿದ್ಲು?"

"ಇಟ್ಟಿರಲಿಲ್ಲ" ಎಂದರು ಎಸ್ತರಮ್ಮ.

ಬೇರೆ ಊರಿನಲ್ಲಾಗಿದ್ದರೆ ಅದು ಅಷ್ಟು ದೊಡ್ಡ ಮಾತಾಗುತ್ತಿತ್ತೋ ಇಲ್ಲವೋ. ಹೆಸರಿನ ಮೇಲೆಯೇ ನಿಂತ ಊರು ಅದು. ಹೆಂಗಸರು ಸೆರಗು ಬಾಯಿಗೆ ಹಚ್ಚಿಕೊಂಡರು. ಇಡ್ಲಿ ಅಂಗಡಿಯ ಕಮಲ ಎದ್ದು ಬಂದು ಎಸ್ತರಮ್ಮನ ಪಕ್ಕ ನಿಂತಳು.

ಮಲ್ಲಾಜಮ್ಮ ತೀರ್ಪು ಹೇಳಿದರು. "ಹೆಸರು ಆ ಮಗೀಂದ ಬಂದದ್ದು. ಜಾಗ ಆ ಮಗೀದು. ಮಗು ಇನ್ನೂ ಚಿಕ್ಕದು, ಅದು ದೊಡ್ಡದಾಗೋಗಂಟ ತಾಯಿ ನೋಡ್ಕೊಳ್ಳಲಿ, ತಾಯಿ ಆದ್ಮೇಲೆ ಯಾರು ಸಾಕೋ ಕೈಯೋ ಅವರು ನೋಡ್ಕೊಳ್ಳಲಿ. ದೊಡ್ಡದಾದ್ಮೇಲೆ ಜಾಗ ಬೇಕು ಅನ್ನೋರು ಹೋಗಿ ಆ ಮಗೀನೇ ಕೇಳಲಿ." ಆಮೇಲೆ ಬಲಕ್ಕೆ ತಿರುಗಿ, "ಏನಪ್ಪಾ ದ್ಯಾವ, ಕಾಯ್ತೀಯಾ?" ಎಂದರು.

"ಕಾಯ್ತೀನಿ ಅತ್ತೆ" ಎಂದ ದ್ಯಾವಣ್ಣ.

ಇಟ್ಟಿಗೆ ಗೂಡು ಊರಾಚೆ, ಯಾವ ಹೆಸರೂ ಹತ್ತದ ಒಂದು ಬಯಲಿನಲ್ಲಿ ಆಯಿತು. ಮಣ್ಣನ್ನು ಗಾಡಿಯಲ್ಲಿ ಹೇರಬೇಕಾಗಿ ಬಂದು ದ್ಯಾವಣ್ಣನಿಗೆ ಕಷ್ಟವಾಯಿತು. ಇಬ್ಬರು ಹುಡುಗರು ನಿಂತರು, ಒಬ್ಬ ಊರು ಬಿಟ್ಟು ಹೋದ. ಆದರೂ ಮುಂಗಾರಿಗೆ ಮುಂಚೆ ಮೆಣಸಿನ ಸಸಿಗೆಂದು ದ್ಯಾವಣ್ಣ ಬೇಲಿಯ ಹತ್ತಿರ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದು, ಸಸಿ ಕಟ್ಟುವವರೆಗೆ ಮಡಿಗಳನ್ನು ನೋಡುತ್ತ ನಿಂತಿದ್ದು, ಕೇಳಿದ, "ಹೆಂಗವ್ಳೆ ಮಗಳು?" ಎಸ್ತರಮ್ಮ ಬಾಳೆನಾರಿನ ಗಂಟು ಬಿಗಿದು, ಕಟ್ಟನ್ನು ಅವನ ಕೈಗಿಟ್ಟು ಹೇಳಿದರು, "ಚೆನ್ನಾಗಿದ್ದಾಳೆ. ಇನ್ನೂ ಚಿಕ್ಕೋಳು ಕಣಪ್ಪ." ಹೇಳಿದ ಮೇಲೆ ಅವರ ಮುಖದಲ್ಲಿ ಏನೋ ಸಡಿಲವಾಯಿತು. ಅಷ್ಟು ವರ್ಷಗಳಲ್ಲಿ ಯಾರೂ ಅವರ ಮಗಳನ್ನು ವಿಚಾರಿಸಿರಲಿಲ್ಲ.

ಅದು ರೂಢಿಯಾಗಿ ಹೋಯಿತು. ಸಸಿಗೆ ಬಂದವರೆಲ್ಲ ವಿಚಾರಿಸತೊಡಗಿದರು. ಹೊಂಗೆಮರದ ಕೆಳಗಿನ ಮಕ್ಕಳಿಗೆ ಯಾವುದೂ ವಿಚಿತ್ರವೆನಿಸಲಿಲ್ಲ. ಅವರು ತಮ್ಮ ಪಾಲಿನ ಕಡಲೆಯಲ್ಲಿ ಒಂದಿಷ್ಟನ್ನು ಮಡಿಯ ಬದುವಿನ ಮೇಲೆ ಇಟ್ಟು ಬರುತ್ತಿದ್ದರು, ಅದನ್ನು ಇಣಚಿ ತಿಂದರೆ ಪಾಪು ತಿಂದಳು ಎನ್ನುತ್ತಿದ್ದರು. ಆ ಮಕ್ಕಳು ದೊಡ್ಡ ಶಾಲೆಗೆ ಹೋದರು, ಅವರ ಜಾಗಕ್ಕೆ ಬೇರೆಯವರು ಬಂದರು. ನಾನು ಎಷ್ಟೋ ವರ್ಷ ಅಲ್ಲೇ ಇದ್ದೆ. ಸಸಿ ಕೀಳುವುದನ್ನು, ಬೇರು ಹರಿಯದಂತೆ ಮೊದಲು ಮಡಿಯನ್ನು ನೆನೆಸುವುದನ್ನು ಎಸ್ತರಮ್ಮ ನನಗೆ ಕಲಿಸಿದರು. ಅವರ ಕಣ್ಣು ಮಂದವಾದಾಗ ಹುಲ್ಲು ಎತ್ತಿ ಇಣುಕುವ ಕೆಲಸ ನನಗೆ ಬಂತು. ಬಂದಿದೆಯಾ ಎಂದು ಅವರು ಕೇಳುತ್ತಿದ್ದರು, ಬಂದಿದೆ ಎಂದು ನಾನು ಹೇಳುತ್ತಿದ್ದೆ. ಒಂದು ಚಳಿಗಾಲ ಅವರು ತೀರಿಕೊಂಡರು. ಕೊನೆಯ ದಿನಗಳಲ್ಲಿ ಗಂಜಿ ಉಣಿಸಿದ್ದು ನಾನೇ.

ಈಗ ನಾನಿರುವ ಊರಿನಲ್ಲಿ ನರ್ಸರಿ ಎಂಬ ಬೋರ್ಡುಗಳು ಬೇಕಾದಷ್ಟಿವೆ. ಒಂದರಲ್ಲಿ ಗುಲಾಬಿ ಗಿಡ ಸಿಗುತ್ತದೆ, ಇನ್ನೊಂದರಲ್ಲಿ ಮಕ್ಕಳು ಸಮವಸ್ತ್ರ ಹಾಕಿಕೊಂಡು ಪದ್ಯ ಒಪ್ಪಿಸುತ್ತಾರೆ. ಆ ಊರಿಗೆ ಹೋಗುವ ಬಸ್ಸು ಯಾವುದೆಂದು ವಿಚಾರಿಸಿದರೆ ಯಾವ ಕಂಡಕ್ಟರಿಗೂ ತಿಳಿಯದು. ತಿಳಿಸಲು ನನ್ನ ಹತ್ತಿರ ಊರಿನ ಹೆಸರಾದರೂ ಎಲ್ಲಿದೆ, ಅಲ್ಲಿ ಎಲ್ಲರೂ ಅದನ್ನು ಊರು ಎಂದಷ್ಟೇ ಕರೆಯುತ್ತಿದ್ದರು. ಹಾಗಾಗಿ ನಾನು ಮತ್ತೆ ಮತ್ತೆ ಹೋಗುವುದು ನೆನಪಿನಲ್ಲಿಯೇ, ಹೆಚ್ಚಾಗಿ ಅದೇ ಒಂದು ಬೆಳಿಗ್ಗೆಗೆ.

ಎಸ್ತರಮ್ಮ ಹೋದ ಮೇಲಿನ ಮೊದಲ ಮುಂಗಾರು. ಮಡಿಗಳೆಲ್ಲ ಎದ್ದಿದ್ದವು. ದ್ಯಾವಣ್ಣ ಕೋಲೂರಿಕೊಂಡು ಏರಿ ಇಳಿದು ಬಂದ. ಬೇಲಿಯ ಹತ್ತಿರ ಚಪ್ಪಲಿ ಬಿಟ್ಟ, ಒಳಗೆ ಬಂದ, ಮಡಿಗಳನ್ನು ನೋಡುತ್ತ ನಿಂತ. ನಾನು ಮೆಣಸಿನ ಸಸಿ ಕಿತ್ತು ಬೇರಿಗೆ ಮಣ್ಣು ಒತ್ತಿದೆ. ಈ ಸಲ ಕೇಳುವುದಿಲ್ಲವೇನೋ ಎಂದುಕೊಂಡೆ. ನಾರು ಸುತ್ತುತ್ತಿದ್ದಾಗ, ಮಡಿಗಳ ಕಡೆಗೇ ಮುಖ ಮಾಡಿಕೊಂಡು ಕೇಳಿದ, "ಹೆಂಗವ್ಳೆ, ಮೇಷ್ಟ್ರಮ್ಮ?"

"ಚೆನ್ನಾಗಿದ್ದಾಳೆ ದ್ಯಾವಣ್ಣ" ಎಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. "ಇನ್ನೂ ಚಿಕ್ಕೋಳು."

ಅವನು ಸಸಿಯ ಕಟ್ಟನ್ನು ಇಸಿದುಕೊಂಡು ಒದ್ದೆ ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದ. "ಇರ್ಲಿ ಬಿಡಿ, ನಂಗೇನೂ ಅವಸರ ಇಲ್ಲ" ಎಂದು ಹೇಳಿ, ನಿಧಾನವಾಗಿ ಏರಿ ಹತ್ತತೊಡಗಿದ.